ಬಿಸಿಲ ಕಡೆಯಿಂದ ಒಂಬತ್ತನೆಯ ಪಟ್ಟೆ

ಸ್ಕಾಟ್‌ಲೆಂಡಿನ ಆಂಗಸ್ ಸೀಮೆಯ ಈ ಕೋಟೆಗೆ ನಮ್ಮ ಮರಿಯೋಟಾ ಅಮ್ಮಾವ್ರು ಮದುವೆಯಾಗಿ ಬಂದಾಗ ಅವರಿಗೆ ಹದಿನೈದು ವರ್ಷ. ಬಟ್ಟೆ ಒಗೆಯಲು ಜೊತೆಗೆ ಬಂದವಳು ನಾನು, ಬೆಥಾಕ್. ಅವರ ಗಂಡ ಆಲ್ವಿನ್ ಧಣಿಗೆ ಮೊದಲ ಹೆಂಡತಿಯ ಮಗ ಕಾಲ್ಬನ್ ಆಗಲೇ ಇದ್ದ. ಅಮ್ಮಾವ್ರು ಮೂರು ಹೆತ್ತರು. ಮೂರೂ ದೀಕ್ಷಾಸ್ನಾನದ ನೀರು ಬೀಳುವ ಮೊದಲೇ ಹೋದವು. ಅಂಥ ಕೂಸುಗಳಿಗೆ ಚರ್ಚಿನ ಅಂಗಳದಲ್ಲಿ ಜಾಗವಿಲ್ಲ ಎಂದ ಪಾದ್ರಿ. ಅವನ ನಾಲಿಗೆಗೆ ಹುಳ ಬೀಳಲಿ! ಹೊಲದ ರೋವನ್ ಮರದ ಬುಡದಲ್ಲಿ ನಾನೇ ಗುಂಡಿ ತೋಡಿದೆ.

ಈ ವರ್ಷ ಧಣಿ ತೀರಿಕೊಂಡರು. ವಿಧವೆಗೆ ಹೊಲದಲ್ಲಿ ಮೂರರಲ್ಲೊಂದು ಪಾಲು, ಅದು ನಮ್ಮ ಕಟ್ಟಳೆ. ಬಿಸಿಲ ಕಡೆಯಿಂದಲೋ ನೆರಳ ಕಡೆಯಿಂದಲೋ ಎಂದು ಕಡ್ಡಿ ಎತ್ತುತ್ತಾರೆ. ಕಡ್ಡಿ ಹೇಳಿದ ಕಡೆಯಿಂದ ಹೊಲದ ಉದ್ದುದ್ದ ಪಟ್ಟೆಗಳನ್ನು ಎಣಿಸುತ್ತ ಹೋಗಿ ಪ್ರತಿ ಮೂರನೆಯದು ಅವಳಿಗೆ. ಅಮ್ಮಾವ್ರಿಗೆ ಬೇಕಿದ್ದದ್ದು ರೋವನ್ ಮರದ ಪಟ್ಟೆ ಒಂದೇ.

"ಅದೊಂದು ಬಿಟ್ಕೊಡಪ್ಪಾ, ಬೇರೆ ಎರಡು ತಗೋ," ಎಂದು ಮಲಮಗನನ್ನು ಬೇಡಿದರು.

"ಕಟ್ಟಳೆ ಹೇಗೋ ಹಾಗೆ ಚಿಕ್ಕಮ್ಮ. ನನ್ನ ಪಾಲಿಗೆ ಬಂದ್ರೆ ಮರ ಕಡ್ದು ಬಾರ್ಲಿ ಬಿತ್ತೋದೇ," ಎಂದ ಆ ಕಲ್ಲೆದೆಯವನು.

ನಾವಿಬ್ಬರೂ ಒಲೆ ಮುಂದೆ ಕೂತು ಪಟ್ಟೆಗಳ ಹೆಸರು ಹೇಳುತ್ತ ಬೆರಳು ಮಡಿಸಿದೆವು. ಕಲ್ಲುಪಟ್ಟೆ, ಕುರಿಪಟ್ಟೆ, ಉದ್ದಪಟ್ಟೆ, ಜೌಗುಪಟ್ಟೆ... ಬಿಸಿಲ ಕಡೆಯಿಂದ ರೋವನ್ ಮರದ್ದು ಒಂಬತ್ತನೆಯದು.

"ಬಿಸಿಲು ಬಂದ್ರೆ ಸಾಕು ಕಣೇ ಬೆಥಾಕ್!" ವಾರವಿಡೀ ಅವರದು ಅದೇ ಜಪ.

ಪಾಲು ಮಾಡಲು ಬಂದ ಅರಸನ ಅಧಿಕಾರಿ ಶೆರಿಫನ ಟೋಪಿಯೊಳಗಿಂದ ಬಿಸಿಲ ಕಡ್ಡಿಯೇ ಬಂತು! ಅಮ್ಮಾವ್ರು ಎಲ್ಲರೆದುರೇ ನನ್ನ ಕೈ ಹಿಡಿದು ಹಿಸುಕಿದರು.

ಶೆರಿಫ್ ಹೊಲಕ್ಕಿಳಿದ. ಹೆಸರುಗಿಸರು ಅವನಿಗೆ ಬೇಡ. ಎರಡು ಕಾಲುವೆಗಳ ನಡುವಿನದು ಒಂದು ಪಟ್ಟೆ, ಅಷ್ಟೇ. ಮೂರನೆಯದಕ್ಕೆ ಅಮ್ಮಾವ್ರ ಗೂಟ ಬಿತ್ತು. ಜೌಗುಪಟ್ಟೆ ದಾಟುವಾಗ ಅವನು "ನಾಲ್ಕು, ಐದು" ಎಂದ. ಒಂದೇ ಪಟ್ಟೆಗೆ ಎರಡು ಎಣಿಕೆ! ಹೋದ ವಸಂತದಲ್ಲಿ ಅದರ ನಟ್ಟನಡುವೆ ಅಮ್ಮಾವ್ರು ಬಸಿಗಾಲುವೆ ತೋಡಿಸಿದ್ದರು. ತೋಡಿಸಿದ್ದು ನನ್ನ ಕಾಟ ತಾಳಲಾರದೆ. ಬಟ್ಟೆ ಹರವಲು ಹೋದಾಗಲೆಲ್ಲ ಕೆಸರು, ಕಾಲು ಕೊಳೆತು ಹೋಗುತ್ತಿದೆ ಎಂದು ವರ್ಷಗಟ್ಟಲೆ ಅವರ ಪ್ರಾಣ ತಿಂದಿದ್ದೆ. ಎರಡು ಹೋಳಾದರೂ ನಮ್ಮ ಬಾಯಲ್ಲಿ ಅದಕ್ಕೆ ಒಂದೇ ಹೆಸರು, ಒಂದೇ ಬೆರಳು. ಥೂ, ನನ್ನ ಬುದ್ಧಿಗಿಷ್ಟು!

ಒಂಬತ್ತನೆಯ ಗೂಟ ಮರದ ಪಕ್ಕದ ಪಟ್ಟೆಗೆ ಬಿತ್ತು. ರೋವನ್ ಮರ ಹತ್ತನೆಯದಾಗಿ ಕಾಲ್ಬನ್ ಪಾಲಾಯಿತು.

"ಸ್ವಾಮೀ, ಜೌಗುಪಟ್ಟೆ ಒಂದೇ!" ಎಂದು ಕಿರುಚಿದೆ. "ಬೇಕಿದ್ರೆ ಊರವ್ರನ್ನ ಕೇಳಿ!"

"ನಡುವೆ ಕಾಲುವೆ ಕಾಣ್ತಿಲ್ವಾ ಮುದುಕಿ? ಸುಮ್ನಿರು," ಎಂದ ಶೆರಿಫ್. ಕಾಲ್ಬನ್ ಆಗಲೇ ಮರದ ಕಾಂಡ ತಟ್ಟಿ ನೋಡುತ್ತಿದ್ದ.

ಅಮ್ಮಾವ್ರು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ವಾಪಸ್ ಬರುವಾಗ ಬಸಿಗಾಲುವೆಯ ಹತ್ತಿರ ನಿಂತು ನನ್ನ ಪಾದ ನೋಡಿದರು.

"ಈಗ ಕಾಲು ಒಣಗಿದೆ ಅಲ್ವೇನೇ?" ಎಂದರು.