ನಡುದಾರಿಯಲ್ಲಿ ನಿಂತ ನೀರು

ಯಾದಗಿರಿಯ ನನ್ನ ಮೇಜಿನ ಮೇಲೆ ಒಂದು ಹಳೆಯ ಲೆವೆಲ್ ಪುಸ್ತಕವಿದೆ. ಕಾಲುವೆ ತೋಡುವ ದಿನಗಳಲ್ಲಿ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನಕ್ಷೆ ಬರೆಯುತ್ತಿದ್ದ ನನ್ನ ಅಪ್ಪ, ನೆಲದ ಏರುತಗ್ಗು ಬರೆದು ಮುಗಿದ ಆ ಪುಸ್ತಕದ ಪ್ರತಿ ಹಾಳೆಯ ಮೂಲೆಗೂ ಒಂದು ಪುಟ್ಟ ಕಾಲುವೆ ಗೀಚಿ, ನೀಲಿ ಪೆನ್ಸಿಲಿನಿಂದ ಅದರೊಳಗಿನ ನೀರನ್ನು ಹಾಳೆಗಿಷ್ಟು ಹಾಳೆಗಿಷ್ಟು ಮುಂದೆ ಸರಿಸಿದ್ದ. ಹೆಬ್ಬೆರಳಿನಿಂದ ಹಾಳೆಗಳನ್ನು ಬರ್ರನೆ ಬಿಟ್ಟರೆ ನೀರು ಹರಿಯುತ್ತಿತ್ತು! ಹರಿದು, ನಡುವೆ ಹದಿನೈದು ಹಾಳೆಗಳಷ್ಟು ಗಪ್ಪನೆ ನಿಂತು, ಮತ್ತೆ ಹರಿಯುತ್ತಿತ್ತು. ಆ ನಿಲುಗಡೆ ಅಪ್ಪನ ಸೋಮಾರಿತನವೆಂದು, ಬೇಸರ ಬಂದು ಅದೇ ಚಿತ್ರವನ್ನು ಮತ್ತೆ ಮತ್ತೆ ಬರೆದಿದ್ದಾನೆಂದು ನಾನು ನಲವತ್ತು ವರ್ಷ ನಂಬಿದ್ದೆ.

ಗೆಳೆಯರೇ, ನನಗೆ ಅನ್ನ ಹಾಕುತ್ತಿರುವ, ಚಿತ್ರ ಅಕ್ಷರಗಳನ್ನು ಪರದೆಯ ಮೇಲೆ ಚಲಿಸುವಂತೆ ಮಾಡುವ, ಮೋಷನ್ ಗ್ರಾಫಿಕ್ಸ್ ಎಂಬ ದೊಡ್ಡ ಹೆಸರಿನ ವಿದ್ಯೆಯ ಬೇರು ಇಂಥ ಮೂಲೆಗಳಲ್ಲೇ ಇದೆ. ಕಣ್ಣು ಪೆದ್ದು ಪ್ರಾಣಿ. ಹಿಂದಿನ ಚಿತ್ರವನ್ನು ಬಿಡಲಾರದೆ ಮುಂದಿನದಕ್ಕೆ ಗಂಟು ಹಾಕುತ್ತದೆ. ಆ ಗಂಟಿನಲ್ಲಿದೆ ನಮ್ಮ ಕಸುಬೆಲ್ಲ. ಹಾಳೆಯಿಂದ ಅದು ಸಿನಿಮಾ ಪರದೆಗೆ ಜಿಗಿಯಿತು. ಶಹಾಪುರದ ಟಾಕೀಸಿನಲ್ಲಿ ಜನ ನಾಯಕನಿಗಾಗಿ ಕಾಯುತ್ತಿದ್ದರೆ ನಾನು, ಹೆಸರುಗಳು ಬೆಳಕಿನೊಳಗಿಂದ ತೇಲಿ ಬರುವ ಮೊದಲ ಎರಡು ನಿಮಿಷಕ್ಕೇ ಮೈಮರೆತು, ಕಥೆ ಶುರುವಾದ ಮೇಲೆ ನಿದ್ದೆ ಹೋಗುತ್ತಿದ್ದೆ. ಅಲ್ಲಿಂದ ಟಿವಿಗೆ, ಸುದ್ದಿಗೆ ಮೊದಲು ಭೂಗೋಳ ಗಿರ್ರನೆ ತಿರುಗುವ ಕಾಲ! ಕ್ಯಾಮೆರಾದಡಿ ಒಂದೊಂದೇ ಚಿತ್ರವಿಟ್ಟು ತಿಂಗಳುಗಟ್ಟಲೆ ಮಾಡುತ್ತಿದ್ದುದನ್ನು ಕಂಪ್ಯೂಟರ್ ಒಂದು ಮಧ್ಯಾಹ್ನಕ್ಕಿಳಿಸಿತು. ಮೊದಲ ಚಿತ್ರ, ಕೊನೆಯ ಚಿತ್ರ ಕೊಟ್ಟರೆ ಸಾಕು, ನಡುವಿನದನ್ನೆಲ್ಲ ಅದೇ ತುಂಬಿಕೊಳ್ಳುತ್ತದೆ. “ಅಕ್ಷರ ಕುಣಿಸಿ ಹೊಟ್ಟಿ ತುಂಬಿಸ್ಕೊಳ್ಳೋ ಗಂಡನ್ನ ಊರಾಗ ನಾನೊಬ್ಬಾಕಿನೇ ಕಟ್ಟಿಕೊಂಡೀನಿ,” ಎಂದು ನನ್ನ ಹೆಂಡತಿ, ಹೆಮ್ಮೆಯೋ ಮೂದಲಿಕೆಯೋ ತಿಳಿಯದ ದನಿಯಲ್ಲಿ, ನೆರೆಯವರಿಗೆ ಹೇಳುತ್ತಾಳೆ.

ಹೋದ ಹಂಗಾಮಿನಲ್ಲಿ ಸುರಪುರದ ಕಡೆ, ಕಾಲುವೆಯ ತೀರ ತುದಿಗಿರುವ ಒಂದು ಹಳ್ಳಿಗೆ, ಯಾರ ಹೊಲಕ್ಕೆ ಯಾವಾಗ ನೀರಿನ ಪಾಳಿ ಎಂದು ತೋರಿಸುವ ಒಂದು ನಿಮಿಷದ ಚಿತ್ರ ಮಾಡಿಕೊಟ್ಟೆ. ಅದನ್ನು ತೋರಿಸಿದ ಮರುದಿನ ಬೆಳಿಗ್ಗೆಯೇ ತೂಬು ಎತ್ತುವವರಿದ್ದರು. ಶಾಲೆಯ ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು ಹಾಡಹಗಲೇ ಕತ್ತಲು ಮಾಡಿದೆವು. ಕರೆಂಟು ಹೋದೀತೇ, ಪ್ರೊಜೆಕ್ಟರ್ ಸುಟ್ಟೀತೇ, ಕಂಬಳಿಯ ಧೂಳಿಗೆ ಸೀನು ಬಂದೀತೇ ಎಂದು ನಾನು ಚಿಂತೆಗಳನ್ನೆಲ್ಲ ಸರತಿಯಲ್ಲಿ ನಿಲ್ಲಿಸಿಕೊಂಡಿದ್ದೆ. ಆಗಲಿದ್ದ ತಪ್ಪು ಮಾತ್ರ ಆ ಸರತಿಯಲ್ಲಿರಲಿಲ್ಲ. ಗೋಡೆಯ ಮೇಲೆ ತೂಬು ಎದ್ದಿತು, ಚಿತ್ರದೊಳಗಿನ ಗಡಿಯಾರ ಬೆಳಗಿನ ಆರು ತೋರಿಸಿತು, ನೀಲಿ ನೀರು ಸೊಂಯ್ಯನೆ ಓಡಿ ಕೊನೆಯ ಹೊಲ ಮುಟ್ಟಿತು. ಚಪ್ಪಾಳೆ!

ಆ ಕೊನೆಯ ಹೊಲದೊಡತಿ ನೀಲಮ್ಮ, ತಲೆ ನರೆತ ಮುದುಕಿ, ಎದ್ದು ನಿಂತಳು. “ಯಪ್ಪಾ ಸಾಹೇಬಾ, ಇದು ಯಾವೂರ ಕಾಲುವಿ? ತೂಬು ಎತ್ತೂದ್ರಾಗ ನಮ್ಮ ಹೊಲಕ್ಕ ಬಂತಲ್ಲ!”

“ಚಿತ್ರ ಅಲ್ಲೇನ್ರೀ ಅಮ್ಮಾ, ಸ್ವಲ್ಪ ಜಲ್ದಿ ತೋರಿಸೀನ್ರಿ.”

“ಹಂಗಾದ್ರ ಗಡಿಯಾರ ಯಾಕ ಜಲ್ದಿ ತಿರುಗಲಿಲ್ಲ? ಒಣಗಿದ ಕಾಲುವಿ ಮೊದಲು ತಾನು ಕುಡೀತದ. ಕಸ ಮುಂದ, ನೀರು ಹಿಂದ. ತಗ್ಗು ಸಿಕ್ಕಲ್ಲಿ ನಿಂತು, ತುಂಬಿ, ಆಮ್ಯಾಲ ಹೆಜ್ಜಿ ಇಡ್ತದ. ನಮ್ಮ ಹೊಲ ಮುಟ್ಟೂದ್ರಾಗ ಹೊತ್ತು ಮುಳುಗ್ತದ. ನಿನ್ನ ಆಟ ನೋಡಿ ನನ್ನ ಸೊಸಿ ಮುಂಜಾನೆ ಹೋಗಿ ಕುಂತು, ಬರಲಿಲ್ಲಂತ ಮನಿಗಿ ಬಂದಳಂದ್ರ, ಆಗ ಬರ್ತದ ನೀರು. ಪಾಳಿ ಹೋತು, ನೆಟ್ಟ ಸಸಿ ಒಣಗಿದ್ವು. ನೀ ಬಂದು ಉಗುಳು ಹಚ್ಚಿ ಬೆಳಸ್ತೀಯೇನು?”

ಕೋಣೆಯೆಲ್ಲ ನಕ್ಕಿತು. ನಾನು ಅಲ್ಲೇ ಮಕ್ಕಳ ಬೆಂಚಿನ ಮೇಲೆ ಕುಳಿತು ನಡುವಿನ ಚಿತ್ರಗಳನ್ನು ಕಂಪ್ಯೂಟರಿನ ಕೈಯಿಂದ ಕಿತ್ತುಕೊಂಡು ನಾನೇ ಜೋಡಿಸತೊಡಗಿದೆ. ನೀಲಮ್ಮ ಗೋಡೆಯ ಬಳಿ ನಿಂತು ಕೋಲಿನಿಂದ ತೋರಿಸಿದಳು. “ಇಲ್ಲಿ ನಿಲ್ಲಸು. ಇನ್ನೂ ನಿಲ್ಲಸು. ಅವಸರ ಮಾಡಬ್ಯಾಡ. ಹೂಂ, ಈಗ ಬಿಡು!” ಗಡಿಯಾರದ ಮುಳ್ಳು ಸಂಜೆಗೆ ಬಂದಾಗ ನೀರು ಅವಳ ಹೊಲ ಮುಟ್ಟಿತು. ಆಹಾ, ಅದೇ ಗೋಡೆ, ಅದೇ ನೀಲಿ. ಆದರೆ ಈ ಸಲ ಚಪ್ಪಾಳೆಯಿಲ್ಲ, ಮುಂದಿನ ಸಾಲಿನವರು ಕಾಲು ಹಿಂದೆಳೆದುಕೊಂಡರು, ಒದ್ದೆಯಾದೀತೆಂಬಂತೆ!

ಮರುದಿನವೆಲ್ಲ ನಾನು ಫೋನಿನೆದುರು ಉಗುರು ಕಚ್ಚಿದೆ. ಸಂಜೆ ಅದು ಕೂಗಿತು, ನೀಲಮ್ಮನ ದನಿ. “ಬಂತೋ ಯಪ್ಪಾ! ಸೊಸಿ ಒಡ್ಡಿನ ಮ್ಯಾಲೆ ಕುಂತಿದ್ಲು. ಕಸ ಮುಂದ, ನೀರು ಹಿಂದ!”

ಫೋನಿಟ್ಟವನೇ ಲೆವೆಲ್ ಪುಸ್ತಕವನ್ನೆತ್ತಿಕೊಂಡೆ. ನೀರು ಹರಿಯಿತು, ನಡುವೆ ನಿಂತಿತು. ಕನ್ನಡಕ ಏರಿಸಿ ಆ ಹದಿನೈದು ಹಾಳೆಗಳನ್ನು ಮೊದಲ ಬಾರಿಗೆ ಒಂದೊಂದಾಗಿ ತಿರುವಿದೆ. ಅವು ಒಂದೇ ಚಿತ್ರವಾಗಿರಲಿಲ್ಲ. ಕಾಲುವೆಯ ತಳದಲ್ಲಿ ಕೂದಲೆಳೆಯಂಥ ಬಿರುಕೊಂದು ಹಾಳೆಯಿಂದ ಹಾಳೆಗೆ ತುಸುತುಸುವೇ ನೀರು ಕುಡಿದು ನೀಲಿಯಾಗುತ್ತ ಬಂದಿತ್ತು.