ಮೂಗಿನ ಲಸಿಕೆ, ಅತ್ತೆಯ ಮಂಕಿ ಕ್ಯಾಪ್

ಹಂದಿಜ್ವರ ಪುಣೆಗೆ ಬಂದ ಮರುವರ್ಷದ ಮಳೆಗಾಲ. ಹಿಂದಿನ ವರ್ಷ ಶಾಲೆಗಳಿಗೆ ಬೀಗ ಬಿದ್ದದ್ದು, ಹಾಲು ತರಲು ಹೊರಟವರೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡದ್ದು ಇನ್ನೂ ಕಣ್ಣ ಮುಂದಿತ್ತು. ನನಗೆ ಹೆದರಿಕೆ ಎಲ್ಲರಿಗಿಂತ ಹೆಚ್ಚು. ನಮ್ಮ ಮನೆಯವರ ಹೊಟ್ಟೆಯಲ್ಲಿದ್ದದ್ದು ಅತ್ತೆಯ ಕಿಡ್ನಿ. ತೊಂಬತ್ತರ ದಶಕದ ಕೊನೆಗೆ ಇವರ ಎರಡೂ ಕೆಟ್ಟಾಗ ಅತ್ತೆ ತಮ್ಮದೊಂದು ಕೊಟ್ಟರು. ಅಂದಿನಿಂದ ದಿನವೂ ಗುಳಿಗೆ. ಮೈಯ ರೋಗನಿರೋಧಕ ಶಕ್ತಿಯನ್ನು ಅರೆನಿದ್ದೆಯಲ್ಲಿ ಇಡುವ ಗುಳಿಗೆ. ಅದು ಪೂರ್ತಿ ಎಚ್ಚತ್ತರೆ ತಾಯಿಯ ಕಿಡ್ನಿಯನ್ನೂ ಹೊರಗಿನದೆಂದು ಕೊಲ್ಲುತ್ತದಂತೆ.

"ಒಂಬತ್ತು ತಿಂಗಳ ಹೊತ್ತಾಕಿ, ನಾ ಹೊರಗಿನಾಕಿ ಆದೆನೇನು?" ಎಂದು ಅತ್ತೆ ಆಗ ಡಾಕ್ಟರನ್ನೇ ಕೇಳಿದ್ದರು.

ಹೀಗಿರುವ ಮನೆಗೆ ಆ ಜ್ವರ ತರಬಾರದೆಂದೇ ನಾನು ನಮ್ಮ ವಸತಿ ಸೊಸೈಟಿಯ ಹಾಲ್‌ನಲ್ಲಿ ಲಸಿಕೆ ಹಾಕಿಸಿಕೊಂಡೆ. ಸೂಜಿಯಿಲ್ಲ, ಎರಡೂ ಹೊಳ್ಳೆಗೆ ಪುಸ್ಸೆಂದು ಬಿಟ್ಟರು, ಮುಗಿಯಿತು. ದೇವರು ದೊಡ್ಡವನು ಎಂದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಮನೆಯ ಬೆಳಗಾವಿಯವರು ಬಾಗಿಲಲ್ಲೇ ತಡೆದರು.

"ಸೂಜಿಯೊಳಗ ಸತ್ತದ್ದು ಇರ್ತದ್ರಿ ವೈನಿ. ಮೂಗಿಗೆ ಬಿಡೋದು ಜೀವಂತ ಅದ. ನಿಮ್ಮ ಮನ್ಯಾಗ ಅವರು ಹಂಗ ಇದ್ದಾರ, ಡಾಕ್ಟರ್‌ನ ಕೇಳಿದ್ರಿಲ್ಲೋ?"

ಕೇಳಿರಲಿಲ್ಲ. ಎರಡು ದಿನಕ್ಕೆ ಮೂಗು ಸೋರತೊಡಗಿತು.

ನಾನು ಹೊರಗಿನ ಕೋಣೆಗೆ ಹಾಸಿಗೆ ಒಯ್ದೆ. ಮಡಿಯಲ್ಲಿದ್ದಾಗ ಮುಟ್ಟಿಸಿಕೊಳ್ಳದ ಹಾಗೆ ಇವರಿಂದ ಸೆರಗನ್ನೂ ದೂರ ಹಿಡಿದೆ. ಅಡಿಗೆ ಅತ್ತೆಯ ಪಾಲಿಗೆ ಹೋಯಿತು.

"ಮಡಿ ಅಂದ್ರ ನಗತಿದ್ದೆಲ್ಲಪಾ, ಈಗ ಮಾಡು ಮಡಿ," ಎಂದು ಮಗನಿಗೆ ಚುಚ್ಚಿದರು. ಇವರು ನಕ್ಕರು. ನನಗೆ ನಗು ಬರಲಿಲ್ಲ. ಇವರು ಒಳಗೆ ಗಂಟಲು ಸರಿಮಾಡಿಕೊಂಡರೂ ನಾನು ಬಾಗಿಲಿಗೆ ಓಡಿ ಬರುತ್ತಿದ್ದೆ. ಅತ್ತೆ ಕೊಟ್ಟದ್ದನ್ನು ನಾನು ಮೂಗಿನಿಂದ ಕಳೆದುಬಿಟ್ಟರೆ? ಹನುಮಪ್ಪನಿಗೆ ತುಪ್ಪದ ದೀಪ ಬೇಡಿಕೊಂಡೆ.

ಕೊನೆಗೆ ಧೈರ್ಯ ಮಾಡಿ ಕಿಡ್ನಿ ಡಾಕ್ಟರಿಗೆ ಫೋನು ಮಾಡಿದೆ. ಅತ್ತೆಗೂ ಕೇಳಿಸಲೆಂದು ಸ್ಪೀಕರ್ ಹಾಕಿದ್ದೆ. ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದರು. ಆ ವೈರಸ್ಸಿನ ಬಲ ಕುಂದಿಸಿರುತ್ತಾರೆ. ಮೂಗಿನ ತಂಪಿನಲ್ಲಿ ಅದು ಬೆಳೆದೀತು, ಎದೆಯ ಕಾವಿನಲ್ಲಿ ಬೆಳೆಯಲಾರದು. ಮೂಗಿನ ಒಳಪದರ ಅದನ್ನು ನೋಡಿ ಕಲಿಯುತ್ತದೆ; ನಾಳೆ ನಿಜವಾದ ಜ್ವರ ಬಂದರೆ ಹೊಸ್ತಿಲಲ್ಲೇ ತಡೆಯಲು ನೋಡುತ್ತದೆ. ಹೀಗೆ ಕಲಿಯುವಾಗ ಮೂಗು ಸೋರುವುದುಂಟು. ಇನ್ನೊಬ್ಬರಿಗೆ ಹತ್ತುವುದು ತೀರ ಅಪರೂಪ. ಆದರೂ ಒಂದು ವಾರ ದೂರವಿರಿ, ನಿಮ್ಮ ಯಜಮಾನರಿಗೆ ಜ್ವರ ಬಂದರೆ ತಡಮಾಡದೆ ಕರೆತನ್ನಿ. ಅವರಿಗೆ ಮಾತ್ರ ಸೂಜಿಯದೇ ಸರಿ, ಅದೂ ಆ ಗುಳಿಗೆಗಳಿಂದಾಗಿ ಪೂರ್ತಿ ಹಿಡಿಯದಿರಬಹುದು.

ನನ್ನ ಕಿವಿಯಲ್ಲಿ ಉಳಿದದ್ದು 'ಜ್ವರ ಬಂದರೆ' ಎಂಬುದೊಂದೇ. ಅತ್ತೆಯ ಕಿವಿಯಲ್ಲಿ ಏನು ಉಳಿಯಿತೆಂದು ಸಂಜೆ ತಿಳಿಯಿತು.

ದೀಪ ಹಚ್ಚಿ ಒಳಗಿನ ಕೋಣೆಯ ಬಾಗಿಲಿಗೆ ಬಂದು ನೋಡಿದೆ. ಇವರು ಮಂಚದ ಮೇಲೆ ಕೂತಿದ್ದರು. ಮುಖ ಕೆಂಪಾಗಿತ್ತು, ಮೇಲ್ದುಟಿಯ ಮೇಲೆ ಬೆವರು. ಕಿಟಕಿ ಮುಚ್ಚಿತ್ತು. ಮೈಮೇಲೆ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪು.

"ಏನ್ರಿ, ಚಳಿ ಬಂದದೇನ್ರಿ?" ಎಂದೆ.

"ಚಳಿ ಅಲ್ಲ, ಅವ್ವ ಬಂದಾಳ," ಎಂದರು.

ಆ ಮಾತು ನನ್ನ ತಲೆಗೆ ಹೋಗಲಿಲ್ಲ. ಹಣೆ ಮುಟ್ಟಲು ಮುಂದಿಟ್ಟ ಕೈಯನ್ನು ಹಿಂದಕ್ಕೆಳೆದುಕೊಂಡೆ. ಗಂಡನ ಹಣೆ ಮುಟ್ಟಲಾಗದ ಆ ಗಳಿಗೆ ಶತ್ರುವಿಗೂ ಬೇಡ. ಥರ್ಮಾಮೀಟರನ್ನು ನೆಲದ ಮೇಲಿಟ್ಟು ಜಾರಿಸಿದೆ. ಇವರು ಕಂಕುಳಲ್ಲಿಟ್ಟುಕೊಂಡರು. ನಾನು ಚೌಕಟ್ಟು ಹಿಡಿದು ನಿಂತು ದೇವರ ನಾಮ ಹೇಳತೊಡಗಿದೆ, ಅರ್ಧಕ್ಕೆ ಮರೆತುಹೋಯಿತು. ಇವರು ಥರ್ಮಾಮೀಟರನ್ನು ದೀಪಕ್ಕೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು.

"ಜ್ವರ ಇಲ್ಲ. ಹಿಂಗ ಇನ್ನೊಂದು ತಾಸು ಕೂತರ ಕುದ್ದು ಹೋಗ್ತೀನಿ."

ಅತ್ತೆ ಅಡಿಗೆಮನೆಯಿಂದ ಬಂದರು. "ಡಾಕ್ಟರ್ ಹೇಳಿದ್ದು ಕೇಳ್ಲಿಲ್ಲೇನು? ತಂಪಿನಾಗ ಬೆಳಿತದ, ಕಾವಿನಾಗ ಬೆಳ್ಯಂಗಿಲ್ಲ. ಅದಕ್ಕ ಕಾವು ಮಾಡೀನಿ."

"ಅವ್ವಾ, ಅದು ಮೂಗಿನ ಒಳಗಿನ ಮಾತು," ಎಂದು ಇವರು ಟೋಪಿ ಕಿತ್ತರು.

"ಟೋಪಿ ನಿಂದು, ಕಿಡ್ನಿ ನಂದು. ಹಾಕ್ಕೋ," ಎಂದರು ಅತ್ತೆ. ಆದರೆ ಕಿಟಕಿ ತಾವೇ ತೆರೆದರು.

ಹೆದರಿಕೆ ಅಂದೇ ಹೋಗಲಿಲ್ಲ. ವಾರ ಪೂರ್ತಿ ಕಳೆಯುವವರೆಗೆ ಇವರ ತಟ್ಟೆಯ ಹತ್ತಿರ ಸುಳಿಯಲಿಲ್ಲ. ಇವರಿಗೆ ಏನೂ ಆಗಲಿಲ್ಲ. ಇವರ ಮೈ ಕಲಿಯಲಾರದ್ದನ್ನು ನನ್ನ ಮೂಗಾದರೂ ಕಲಿತಿರಲಿ ಎಂದು ದೀಪ ಹಚ್ಚುವಾಗ ಬೇಡಿಕೊಂಡೆ. ಅಡಿಗೆ ಮತ್ತೆ ನನ್ನ ಕೈಗೆ ಬಂದ ಮುಂಜಾನೆ, ಇವರು ಪೂಜೆ ಮುಗಿಸಿ ತೀರ್ಥ ಕೊಡಲು ಬಂದಾಗ ಮೊದಲು ಇವರ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಮೇಲೆ ಕೈಯೊಡ್ಡಿದೆ.