ಭರಮಸಾಗರದ ಕೆರೆಯಲ್ಲಿ ಸಮುದ್ರದ ಕಸುಬು

ತೆಪ್ಪ ಮಗುಚಿ, ಆಚೆ ದಡಕ್ಕೆ ಸಾಗಿಸುತ್ತಿದ್ದ ನನ್ನ ಸೀಮೆಎಣ್ಣೆ ಪಂಪು ಭರಮಸಾಗರದ ಕೆರೆಗೆ ಬಿತ್ತು. ಅದಿಲ್ಲದಿದ್ದರೆ ಹೂ ಬಿಟ್ಟ ಶೇಂಗಾ ವಾರದೊಳಗೆ ಒಣಗುತ್ತಿತ್ತು. ಮುಳುಗಿ ಮುಳುಗಿ ಕಣ್ಣು ಕೆಂಪಾದವೇ ಹೊರತು ಪಂಪು ಕೈಗೆ ಸಿಗಲಿಲ್ಲ.

ಕೆರೆಯ ಮೀನು ಹಿಡಿಯಲು ಮಂಗಳೂರು ಕಡೆಯಿಂದ ಬಂದಿದ್ದ ಮುದುಕರೊಬ್ಬರು ದಡದಿಂದಲೇ ಕೂಗಿದರು: "ಸಾಕು ಮಾರಾಯ್ರೆ, ಎರಡು ತೆಪ್ಪ ತನ್ನಿ."

"ಈ ಕೆರೆ ತಳ ನಂಗೆ ಗೊತ್ತೈತೆ, ಸುಮ್ಕಿರ್ರಿ ಅಜ್ಜ" ಎಂದೆ. ಅವರು ನಕ್ಕರು.

ಕೊನೆಗೆ ಅವರು ಹೇಳಿದಂತೆಯೇ ಮಾಡಿದೆವು. ಎರಡು ತೆಪ್ಪಗಳ ನಡುವೆ ಉದ್ದನೆಯ ಹಗ್ಗ, ಅದು ತಳಕ್ಕೆ ಇಳಿಯಲು ಅಲ್ಲಲ್ಲಿ ಕಲ್ಲು. ಅವರದೊಂದು ತೆಪ್ಪ, ನನ್ನದೊಂದು. ಸಮನಾಗಿ ಹುಟ್ಟು ಹಾಕುತ್ತಾ ಕೆರೆಯನ್ನು ಗುಡಿಸಿದಂತೆ ಸಾಗಿದೆವು. ಒಂದು ಕಡೆ ಹಗ್ಗ ಬಿಗಿದು ನಿಂತಿತು. ಮುಳುಗಿದೆ. ಕಬ್ಬಿಣ ಕೈಗೆ ತಾಗಿತು. ಮೇಲೆ ಬಂದು ಕೇಕೆ ಹಾಕಿದೆ.

ಚಹಾ ಕುಡಿಯುವಾಗ ಅಜ್ಜ ಬಾಯಿಬಿಟ್ಟರು. ಹರೆಯದಲ್ಲಿ ಅವರು ಬೊಂಬಾಯಿಯ ಟ್ರಾಲರ್‌ನಲ್ಲಿ, ಅಂದರೆ ಬಲೆ ಎಳೆಯುವ ದೊಡ್ಡ ಎಂಜಿನ್ ದೋಣಿಯಲ್ಲಿ ಇದ್ದರಂತೆ. ಮಹಾಯುದ್ಧ ಬಂದಾಗ ನೌಕಾಪಡೆ ಆ ದೋಣಿಯನ್ನೇ ತೆಗೆದುಕೊಂಡು ಮೂತಿಗೆ ತೋಪು ಕೂರಿಸಿತು. ಬಲೆಯ ಬದಲು ಎರಡು ದೋಣಿಗಳ ನಡುವೆ ಉಕ್ಕಿನ ಹಗ್ಗ ಎಳೆದು, ಶತ್ರುಗಳು ನೀರೊಳಗೆ ಕಟ್ಟಿಟ್ಟ ಬಾಂಬುಗಳ ಕಟ್ಟು ಕಡಿದು ಅವನ್ನು ತೇಲಿಸಬೇಕಿತ್ತು. ಯುದ್ಧ ಮುಗಿದ ಮೇಲೆ ಅದೇ ದೋಣಿ ಮತ್ತೆ ಮೀನಿಗೆ ಹೊರಟಿತು.

"ಹಗ್ಗ ಬಿಗಿದದ್ದಕ್ಕೆ ನೀವು ಕುಣಿದ್ರಿ. ನಾವು ಆಗ ದೇವರನ್ನು ನೆನೀತಿದ್ದೆವು" ಎಂದರು.

ಸಂಜೆಗೆ ಪಂಪು ಒಣಗಿ ನೀರೆತ್ತಿತು. ಯಾರ ಮುಂದೆಯೂ ಸುಲಭಕ್ಕೆ ತಲೆಬಾಗದ ನಾನು, ಇಂದಿಗೂ ಮೀನು ಹಿಡಿಯುವವರನ್ನು ಕಂಡರೆ ಮೊದಲು ನಮಸ್ಕಾರ ಹೇಳುತ್ತೇನೆ.